ಕಿರುಬೆರಳಿಗೂ ಅಷ್ಟೇ ಭಾರ

ಎಂಬತ್ತರ ದಶಕದ ರಾಜಾಜಿನಗರದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಕೂಡಲೇ ಮಕ್ಕಳನ್ನು ಟೈಪಿಂಗಿಗೆ ಸೇರಿಸುತ್ತಿದ್ದರು. ಅಪ್ಪಂದಿರು ಪಾಳಿ ಲೆಕ್ಕದಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಬಡಾವಣೆ ಅದು. ಮಕ್ಕಳಾದರೂ ಫ್ಯಾನಿನ ಕೆಳಗೆ ಕೂತು ದುಡಿಯಲಿ ಎಂಬ ಆಸೆ ಮನೆಮನೆಯಲ್ಲೂ ಇತ್ತು. ಬೆಳಗಿನ ಆರರ ಬ್ಯಾಚಿಗೆ ನಾನೂ ಗೆಳತಿಯೂ ನಡೆದು ಹೋಗುವಾಗ, ಗಾಳಿ ನಮ್ಮ ಕಡೆ ಬೀಸಿದರೆ ಸಾಬೂನು ಕಾರ್ಖಾನೆಯ ಶ್ರೀಗಂಧದ ಪರಿಮಳ ದಾರಿಯುದ್ದಕ್ಕೂ ಜೊತೆಗಿರುತ್ತಿತ್ತು.

1982ರ ಗೋಕಾಕ್ ಚಳವಳಿಯ ಕಾವು ಇನ್ನೂ ಆರಿರಲಿಲ್ಲ. ಡಾ. ರಾಜ್‌ಕುಮಾರ್ ಅವರೇ ಭಾಷೆಗಾಗಿ ಬೀದಿಗಿಳಿದಿದ್ದರು. ಇಂಗ್ಲಿಷಿನ ಜೊತೆಗೆ ಕನ್ನಡ ಟೈಪಿಂಗನ್ನೂ ಕಲಿಯುತ್ತೇವೆಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಕನ್ನಡದ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರ ಹೆಸರನ್ನು ನಾನು ಮೊದಲು ಕೇಳಿದ್ದು ಟೈಪಿಂಗ್ ತರಗತಿ ನಡೆಯುತ್ತಿದ್ದ ಮಹಡಿಯ ಕೋಣೆಯಲ್ಲೇ. ನಮ್ಮ ಅಷ್ಟೂ ಅಕ್ಷರ, ಗುಣಿತ, ಒತ್ತುಗಳನ್ನು ಇಂಗ್ಲಿಷಿಗೆಂದು ಹುಟ್ಟಿದ ಯಂತ್ರದ ಕೆಲವೇ ಕೀಲಿಗಳಲ್ಲಿ ಕೂರಿಸಿದ್ದು ಎಂಥ ಬುದ್ಧಿವಂತಿಕೆ ಎಂಬುದು ಬೆರಳಿಟ್ಟವರಿಗೇ ಗೊತ್ತು. ಎಷ್ಟೋ ಅಕ್ಷರಗಳಿಗೆ ಎರಡು ಮೂರು ಸಲ ಕೀಲಿ ಒತ್ತಬೇಕು. ತಪ್ಪಿದರೆ ಅಳಿಸುವ ಮಾತಿಲ್ಲ.

ಮೇಷ್ಟ್ರು ಹಾಳೆಯ ಮುಂಭಾಗಕ್ಕಿಂತ ಮೊದಲು ಬೆನ್ನು ನೋಡುತ್ತಿದ್ದರು. ತಿರುಗಿಸಿ, ಬೆರಳಾಡಿಸಿ, ಅಕ್ಷರ ಎಲ್ಲಿ ಉಬ್ಬಿದೆ, ಎಲ್ಲಿ ಉಬ್ಬಿಲ್ಲ ಎಂದು ಪರೀಕ್ಷಿಸುವರು. ನಾನು ಪುಕ್ಕಲಿ, ಕಿರುಬೆರಳಿನ ಅಕ್ಷರಗಳೆಲ್ಲ ಮಸುಕು. “ಏನಮ್ಮ, ಕಾಗದಕ್ಕೆ ನೋವಾಗುತ್ತೆ ಅಂತ ಹೆದರ್ತೀಯಾ? ಒತ್ತು,” ಎನ್ನುವರು. ಗೆಳತಿಯದು ದುಡುಕು, ಅವಳ ಪೂರ್ಣವಿರಾಮಗಳು ಹಾಳೆಯನ್ನೇ ತೂತು ಮಾಡುತ್ತಿದ್ದವು. “ಓಡಬೇಡ ತಾಯಿ, ಪಕ್ಕದವರ ಸದ್ದು ಕೇಳು,” ಎಂದು ಅವಳಿಗೆ. ಒಬ್ಬೊಬ್ಬರ ಸ್ವಭಾವವನ್ನು ಕಾಗದದ ಬೆನ್ನಲ್ಲಿ ಓದಿ, ಗದರದೆ ತಿದ್ದುತ್ತಿದ್ದ ಅಂಥ ಗುರುವನ್ನು ಆಮೇಲೆ ಯಾವ ಕಾಲೇಜಿನಲ್ಲೂ ನಾನು ಕಾಣಲಿಲ್ಲ. ಬಲವಿಲ್ಲದ ಬೆರಳಿಗೆ ಬಲ ಬರುವಷ್ಟರಲ್ಲಿ ನನ್ನ ದನಿಯೂ ಗಟ್ಟಿಯಾಗಿತ್ತು. ಪಡಿತರ ಅಂಗಡಿಯ ಸಾಲಿನಲ್ಲಿ ಅಮ್ಮನ ಪರವಾಗಿ ಮಾತಾಡಿದ್ದು ಆ ಬೇಸಿಗೆಯಲ್ಲೇ.

ಜೂನಿಯರ್ ಪರೀಕ್ಷೆಗೆ ನಮ್ಮ ಯಂತ್ರಗಳನ್ನು ನಾವೇ ಒಯ್ಯಬೇಕಿತ್ತು. ಟೆಂಪೋದಲ್ಲಿ ಗೋಣಿ ಹಾಸಿ, ಒಂದೊಂದನ್ನೂ ಇಬ್ಬಿಬ್ಬರು ಎತ್ತಿ ಇಟ್ಟೆವು. ಕೇಂದ್ರದಲ್ಲಿ ಇಳಿಸಿ ನೋಡಿದರೆ ಗೆಳತಿಯ ಯಂತ್ರದ ರಿಬ್ಬನ್ ಸುತ್ತುತ್ತಲೇ ಇಲ್ಲ. ಗಂಟೆ ಹೊಡೆಯಲು ಹೆಚ್ಚು ಹೊತ್ತಿರಲಿಲ್ಲ. ಆಚೆ ಮೇಜಿನ ಹುಡುಗ, ಅಲ್ಲಿಯವರೆಗೆ ನಮ್ಮೊಡನೆ ಒಂದು ಮಾತೂ ಆಡದವನು, ತನ್ನ ಅಭ್ಯಾಸ ಬಿಟ್ಟು ಎದ್ದು ಬಂದ. ಸುರುಳಿ ಬಿಚ್ಚಿ, ಕೂರಿಸಿ, ಮಸಿಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವಾಪಸಾದ. ಬೆರಳಚ್ಚಿನ ಕೆಲಸಗಳಿಗೆ ಮುಂದೆ ನಾವೆಲ್ಲ ಒಬ್ಬರಿಗೊಬ್ಬರು ಪೈಪೋಟಿಯವರೇ. ಆದರೂ ಯಾವ ಹುದ್ದೆಗೆ ಅರ್ಜಿ ಕರೆದಿದ್ದಾರೆ ಎಂಬುದನ್ನು ಆ ಬ್ಯಾಚಿನಲ್ಲಿ ಯಾರೂ ಬಚ್ಚಿಡಲಿಲ್ಲ.

ಗೆಳತಿ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾದಳು. ಸಾಕ್ಷಿ ತಡವರಿಸಿದರೆ ಅವಳೂ ಬೆರಳು ನಿಲ್ಲಿಸಿ ಕಾಯುವಳಂತೆ. ಹಳ್ಳಿಯಿಂದ ಮೊದಲ ಸಲ ಕಟಕಟೆ ಹತ್ತಿದವರಿಗೂ ಅವಳಿದ್ದರೆ ಗಾಬರಿಯಾಗುತ್ತಿರಲಿಲ್ಲವೆಂದು ಅಲ್ಲಿನ ವಕೀಲರೊಬ್ಬರು ನನಗೆ ಹೇಳಿದರು.