ಗಟ್ಟಿ ಅಟ್ಟೆ, ಬಾಗುವ ತುದಿ

ನಂದಿಬೆಟ್ಟದ ಬುಡ ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗಲೇ ನೀವು ಡಾಂಬರು ಬಿಟ್ಟು ಪಕ್ಕಕ್ಕೆ ಇಳಿಯುತ್ತೀರಿ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದ ಸವಾರರಲ್ಲಿ ಹೆಚ್ಚಿನವರು 1,478 ಮೀಟರ್ ಎತ್ತರದ ಆ ತುದಿಯ ಕಡೆಗೇ ಮುಖ ಮಾಡಿದ್ದಾರೆ. ನಿಮ್ಮ ದಾರಿ ದ್ರಾಕ್ಷಿ ತೋಟಗಳ ನಡುವಿನ ಗರಸಿನದು. ಮೊನ್ನೆ ಮಳೆ ಬಿದ್ದಿದೆ, ಧೂಳಿಲ್ಲ. ಚಪ್ಪರದ ಕಲ್ಲುಕಂಬಗಳು ಇನ್ನೂ ಒದ್ದೆ. ಟೈರಿನಡಿ ಸಣ್ಣ ಕಲ್ಲು ಕರಕರ ಎನ್ನುತ್ತದೆ, ಹ್ಯಾಂಡಲಿನ ನಡುಕ ಮೊಣಕೈವರೆಗೂ ಬರುತ್ತದೆ.

ಮೊದಲ ಏರು. ಡಾಂಬರಿನ ಮೇಲಾಗಿದ್ದರೆ ಎದ್ದು ನಿಂತು ತುಳಿದು ದಾಟಿಬಿಡಬಹುದಿತ್ತು. ಇಲ್ಲಿ ಎದ್ದ ಕೂಡಲೇ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ, ಟೈರು ಗರಸನ್ನು ಹಿಂದಕ್ಕೆ ಎರಚುತ್ತಾ ನಿಂತಲ್ಲೇ ತಿರುಗುತ್ತದೆ. ಹಾಗಾಗಿ ಸೀಟಿನ ಮುಂತುದಿಗೆ ಸರಿದು, ಮೈ ಬಗ್ಗಿಸಿ, ಕೂತೇ ತುಳಿಯುತ್ತೀರಿ. ಕಾಲಿನಲ್ಲಿರುವ ಹಳೆಯ ಶೂನ ಅಟ್ಟೆ ಮೆತ್ತಗಿನದು. ಪ್ರತಿ ತುಳಿತಕ್ಕೂ ಅದು ಪೆಡಲಿನ ಸುತ್ತ ಬಾಗುವುದು ಅಂಗಾಲಿಗೆ ಗೊತ್ತಾಗುತ್ತದೆ. ಏರು ಅರ್ಧ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡದಲ್ಲಿ ಉರಿ ಶುರುವಾಗುತ್ತದೆ. ಇನ್ನಷ್ಟು ದೂರ ಹೋದರೆ ಬೆರಳುಗಳೇ ಮರಗಟ್ಟುತ್ತವೆ.

ಕಾರಣ ಪೆಡಲಿನಲ್ಲೇ ಇದೆ. ಗ್ರಾವೆಲ್ ಮತ್ತು ಕ್ರಾಸ್ ಕಂಟ್ರಿ ಸವಾರರು ಬಳಸುವ ಎಸ್‌ಪಿಡಿ ಪೆಡಲಿನಲ್ಲಿ ಶೂನ ಅಡಿಗೆ ಬಿಗಿದ ಲೋಹದ ಕ್ಲೀಟ್ ಕೂರುವ ಜಾಗ ಒಂದು ಬೆಂಕಿಪೊಟ್ಟಣದಷ್ಟು. ಕಾಲಿನ ಬಲವೆಲ್ಲ ಅಷ್ಟರ ಮೂಲಕವೇ ಹಾಯಬೇಕು. ಅಟ್ಟೆ ಗಟ್ಟಿಯಿದ್ದರೆ ಆ ಒತ್ತಡ ಮುಂಗಾಲಿನ ಅಗಲಕ್ಕೂ ಹರಡುತ್ತದೆ. ಮೆತ್ತಗಿದ್ದರೆ ಲೋಹದ ತುಂಡು ನೇರವಾಗಿ ಮೂಳೆಯನ್ನು ಒತ್ತುತ್ತದೆ, ಬೆರಳುಗಳ ನಡುವೆ ಹಾಯುವ ನರಗಳೂ ಅದುಮಿಹೋಗುತ್ತವೆ. ಗಟ್ಟಿ ಅಟ್ಟೆ ವೇಗಕ್ಕೆ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಪಾದದ ನೆಮ್ಮದಿಗೆ ಅದು ಮೊದಲು ಬೇಕು, ವೇಗದ ಮಾತು ಆಮೇಲೆ ಎನ್ನುತ್ತೇನೆ ನಾನು.

ನಿಮ್ಮ ಗೆಳೆಯ ಆಗಲೇ ಐವತ್ತು ಮಾರು ಮುಂದಿದ್ದಾನೆ. ಅವನದು ಪೂರ್ತಿ ಕಾರ್ಬನ್ ಅಟ್ಟೆಯ ರೇಸ್ ಶೂ. ಏರಿನ ಕೊನೆಯಲ್ಲಿ ಹಲ್ಲು ಕಚ್ಚಿ ಒಮ್ಮೆಲೇ ಜೋರು ಮಾಡುತ್ತಾನೆ, ಸೈಕಲ್ ಮುಂದಕ್ಕೆ ನೆಗೆಯುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ರೋಜರ್ ಕ್ರಾಮ್ ಮತ್ತು ಜೊತೆಗಾರರು ಇದನ್ನು ಅಳೆದು ನೋಡಿದ್ದಾರೆ. 2016ರ ಅವರ ಅಧ್ಯಯನದಲ್ಲಿ, ಹದವಾದ ಶ್ರಮದಲ್ಲಿ ಒಂದೇ ಸಮನೆ ತುಳಿಯುವಾಗ ಓಟದ ಶೂಗೂ ಕ್ಲೀಟ್ ಹಾಕಿದ ಸೈಕ್ಲಿಂಗ್ ಶೂಗೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಪೂರ್ತಿ ಜೋರಿನ ಸ್ಪ್ರಿಂಟ್ ಅಳೆದಾಗ ಮಾತ್ರ ಕ್ಲೀಟ್ ಶೂ ಸ್ಪಷ್ಟವಾಗಿ ಮುಂದಿತ್ತು. ಕ್ರಾಸ್ ಕಂಟ್ರಿ ರೇಸ್ ಅಂದರೆ ಇಂಥ ಜೋರುಗಳ ಸರಮಾಲೆ, ಅಲ್ಲಿ ಗೆಳೆಯನ ಶೂಗೆ ಬೆಲೆ ಇದೆ. ದಿನವಿಡೀ ಗರಸು ತುಳಿಯುವವರಿಗೆ ಅಷ್ಟು ಲಾಭವಿಲ್ಲ.

ಏರು ದಾಟಿದ ಮೇಲೆ ದಾರಿ ಕೊರಕಲಿಗೆ ಬೀಳುತ್ತದೆ. ಮಳೆನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಕೆಳಗಿನ ಹಾಸುಬಂಡೆ ಬರಿದಾಗಿ ಬಿದ್ದಿದೆ. ಓಡಿಸುವಂತಿಲ್ಲ. ಇಳಿದು, ಸೈಕಲ್ಲಿನ ಮೇಲಿನ ಕೊಳವೆಯ ಕೆಳಗೆ ಹೆಗಲು ಕೊಟ್ಟು ಎತ್ತಿಕೊಳ್ಳುತ್ತೀರಿ.

ಗೆಳೆಯ ಮುಂದೆ ಹತ್ತುತ್ತಿದ್ದಾನೆ, ನಿಮ್ಮ ಕಣ್ಣು ಅವನ ಹಿಮ್ಮಡಿಯ ಮಟ್ಟಕ್ಕೇ ಇದೆ. ಅವನು ಹೆಜ್ಜೆ ಎತ್ತಿದಾಗಲೆಲ್ಲ ಶೂ ಬಂಡೆಯ ಮೇಲೇ ಉಳಿದು ಹಿಮ್ಮಡಿ ಮಾತ್ರ ಒಳಗಿಂದ ಮೇಲೇಳುತ್ತದೆ. ಅಟ್ಟೆ ಎಲ್ಲೂ ಬಾಗುವುದಿಲ್ಲ, ಕಾಲು ಬಾಗಲೇಬೇಕು, ಆ ಎರಡರ ಜಗಳ ಹಿಮ್ಮಡಿಯ ಚರ್ಮದ ಮೇಲೆ ತೀರ್ಮಾನವಾಗುತ್ತದೆ. ಅಟ್ಟೆಯ ಹಲ್ಲುಗಳು ಗಟ್ಟಿ ಪ್ಲಾಸ್ಟಿಕ್ಕಿನವು, ಒದ್ದೆ ಬಂಡೆಯ ಮೇಲೆ ಟಕ್ ಟಕ್ ಎನ್ನುತ್ತವೆ. ಒಂದು ಕಡೆ ಹಲ್ಲಿಲ್ಲದ ನಡುಭಾಗ ಬಂಡೆಯ ಅಂಚಿಗೆ ಸಿಗುತ್ತದೆ. ನುಣುಪು ಕಾರ್ಬನ್ ಸರ್ರನೆ ಜಾರಿ ಅವನು ಮೊಣಕಾಲೂರುತ್ತಾನೆ.

"ನೋಡ್ಕೊಂಡು ಬಾ, ಇಲ್ಲಿ ಜಾರುತ್ತೆ."

ನಿಮ್ಮ ಮೆತ್ತಗಿನ ರಬ್ಬರು ಅದೇ ಅಂಚನ್ನು ಹಿಡಿದು ನಿಲ್ಲುತ್ತದೆ. ಐದು ನಿಮಿಷದ ಹಿಂದೆ ಬೆರಳು ಮರಗಟ್ಟಿಸಿದ ಶೂ ಈಗ ನಿಮ್ಮನ್ನು ಮೇಲಕ್ಕೆ ಹತ್ತಿಸುತ್ತಿದೆ. ಗ್ರಾವೆಲ್ ಶೂ ಹುಡುಕುವವರು ಈ ಎರಡು ಜಾಗಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು: ಉರಿ ಹತ್ತಿದ ಏರು, ಇಳಿದು ಹತ್ತಿದ ಬಂಡೆ.

ಆಚೆ ಕಡೆ ಕೆರೆ. ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿ ಕಡೆಗೆ ಹೊರಟವರೊಬ್ಬರು ನಿಧಾನಿಸುತ್ತಾರೆ. "ಆ ಕಡೆ ಹೋಗ್ಬೇಡಿ ಸಾರ್, ಕೋಡಿ ಹತ್ರ ಬರೀ ಕೆಸ್ರು. ಏರಿ ಮೇಲೇ ಹೋಗಿ." ಏರಿಗೆ ಹತ್ತಬೇಕಾದರೂ ಹತ್ತು ಹೆಜ್ಜೆ ಜೇಡಿಯಲ್ಲಿ ನಡೆಯಲೇಬೇಕು. ಅಷ್ಟೇ ಸಾಕು. ಏರಿಯ ಮೇಲೆ ಸೈಕಲ್ ಹತ್ತಿ ಕಾಲಿಟ್ಟರೆ ಕ್ಲೀಟ್ ಕೂರುವುದಿಲ್ಲ. ಒತ್ತುತ್ತೀರಿ, ಜಾರುತ್ತದೆ. ಮತ್ತೆ ಒತ್ತುತ್ತೀರಿ, ಆ ಪರಿಚಿತ 'ಟಕ್' ಬರುವುದಿಲ್ಲ. ಇಳಿದು ಶೂ ತಿರುಗಿಸಿದರೆ ಕ್ಲೀಟಿನ ಗುಳಿ ತುಂಬ ಕೆಂಪು ಜೇಡಿ ಗಟ್ಟಿಯಾಗಿ ಕೂತಿದೆ. ಜಾಲಿ ಕಡ್ಡಿಯೊಂದನ್ನು ಮುರಿದು ಕೆದಕುತ್ತೀರಿ. ಕ್ಲೀಟಿನ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಹಲ್ಲುಗಳು ಎಷ್ಟು ದೂರ ದೂರ ಇವೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜಾಗವಿದ್ದರೆ ಶೂ ಒಮ್ಮೆ ಕುಟ್ಟಿದರೆ ಮಣ್ಣು ಉದುರುತ್ತದೆ. ಉತ್ತರ ಕರ್ನಾಟಕದ ವಿಜಯಪುರದ ಕಡೆಯ ಎರೆಮಣ್ಣಿನ ಮಾತು ಬೇರೆ. ಅಲ್ಲಿ ಮಳೆ ಬಿದ್ದ ಮರುದಿನ ಚಕ್ರವೇ ತಿರುಗದಂತೆ ಮಣ್ಣು ಮೆತ್ತಿಕೊಳ್ಳುತ್ತದೆ, ಶೂ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಸಂಜೆ ಆರು ಗಂಟೆ, ಜಯನಗರದ ಸೈಕಲ್ ಅಂಗಡಿ. ಸಂಜೆಯೇ ಬಂದದ್ದು ಸರಿ: ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ನಾಲ್ಕು ಗಂಟೆ ತುಳಿದ ಮೇಲೆಯೂ ಅದು ಹೀಗೇ ಇರುತ್ತದೆ. ಬೆಳಿಗ್ಗೆ ಹಾಯಾಗಿ ಕೂತ ಶೂ ಮಧ್ಯಾಹ್ನ ಹಿಂಡಬಹುದು. ಅಂಗಡಿಯ ಹುಡುಗ ನೆಲದ ಮೇಲೆ ಕಾಗದ ಹಾಸುತ್ತಾನೆ.

"ಸವಾರಿಗೆ ಯಾವ ಸಾಕ್ಸ್ ಹಾಕ್ತೀರೋ ಅದನ್ನೇ ಹಾಕ್ಕೊಂಡು ನಿಂತ್ಕೊಳ್ಳಿ ಸಾರ್. ಕೂತ್ರೆ ಅಳತೆ ಕಮ್ಮಿ ಬರುತ್ತೆ."

ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯುತ್ತಾನೆ. ಎಡಗಾಲು ಒಂದೆರಡು ಮಿಲಿಮೀಟರ್ ಉದ್ದ. ದೊಡ್ಡ ಕಾಲಿಗೆ ತಕ್ಕಂತೆ ಕೊಳ್ಳಬೇಕು. ಉದ್ದಕ್ಕಿಂತ ಅಗಲ ನೋಡಿ: ಗೆರೆ ಬೆರಳುಗಳ ಹತ್ತಿರ ಹರಡಿಕೊಂಡಿದೆ. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆದು ಬೆಳೆದವರ ಪಾದಗಳನ್ನು ಬೆಲ್ಜಿಯಂನ ಸಂಶೋಧಕರು ಅಳೆದು 2009ರಲ್ಲಿ ಪ್ರಕಟಿಸಿದ್ದರು. ಆ ಪಾದಗಳು ಶೂ ಹಾಕಿ ಬೆಳೆದವರದ್ದಕ್ಕಿಂತ ಅಗಲವಾಗಿದ್ದವು. ನಮ್ಮಲ್ಲಿ ಚಪ್ಪಲಿಯಲ್ಲೇ ಬೆಳೆದವರು ಸೈಕ್ಲಿಂಗ್ ಶೂಗಳ ಸಪೂರ ಅಚ್ಚಿಗೆ ಕಾಲು ತುರುಕುವಾಗ ಈ ಮಾತು ನೆನಪಿಡಬೇಕು. ಅಗಲ ಸಾಲದೆ ಬಂದರೆ ಒಂದು ಸೈಜ್ ಮೇಲಕ್ಕೆ ಹೋಗುವುದು ಪರಿಹಾರವಲ್ಲ, ಹಿಮ್ಮಡಿ ಸಡಿಲವಾಗುತ್ತದೆ, ಕ್ಲೀಟಿನ ಜಾಗವೂ ತಪ್ಪುತ್ತದೆ. ಶಿಮಾನೊ, ಲೇಕ್‌ನಂಥ ಕಂಪನಿಗಳು ಅದೇ ಸೈಜಿನಲ್ಲಿ ಅಗಲದ ಅಚ್ಚನ್ನೂ ಮಾಡುತ್ತವೆ, ಅದನ್ನೇ ತರಿಸಿ ಕೊಡಿ ಎಂದು ಪಟ್ಟು ಹಿಡಿಯಿರಿ.

ಮೂರು ಜೊತೆ ಮುಂದೆ ಬರುತ್ತವೆ. ಮೂರರ ಅಡಿಯಲ್ಲೂ ಎರಡೆರಡು ತೂತು. ಅದೇ ಅಂಗಡಿಯ ಗೋಡೆಯ ಮೇಲಿರುವ ಮೂರು ತೂತಿನ ರಸ್ತೆ ಶೂಗಳ ವಂಶ ಬೇರೆ. ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ತಂದ ಪೆಡಲ್ ಹಾಕಿಕೊಂಡು ಬರ್ನಾರ್ಡ್ ಇನೊ 1985ರ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಪಟ್ಟಿ ಬಿಗಿಯುವ ಹಳೆಯ ಪೆಡಲುಗಳ ಕಾಲ ಮುಗಿಯುತ್ತಾ ಬಂತು. ಆ ಕ್ಲೀಟ್ ಅಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ, ಹಾಸುಬಂಡೆಯ ಮೇಲೆ ಎರಡು ಹೆಜ್ಜೆಯೂ ಸಾಗದು. 1990ರಲ್ಲಿ ಶಿಮಾನೊ ಮೌಂಟನ್ ಬೈಕಿಗಾಗಿ ಎಸ್‌ಪಿಡಿ ತಂದಾಗ ಕ್ಲೀಟನ್ನು ಚಿಕ್ಕದು ಮಾಡಿ ರಬ್ಬರಿನ ಹಲ್ಲುಗಳ ನಡುವೆ ಅಡಗಿಸಿತು. ಇಳಿದು ನಡೆಯುವುದೂ ಸವಾರಿಯ ಭಾಗ ಎಂದು ಒಪ್ಪಿಕೊಂಡ ವಿನ್ಯಾಸ ಅದು. ನನಗೆ ಅದರ ಮೇಲೆ ಇರುವ ಗೌರವ ಇದೇ ಕಾರಣಕ್ಕೆ.

ಮೊದಲ ಜೊತೆ, ಗೆಳೆಯನದ್ದರಂಥ ರೇಸ್ ಶೂ. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ಹಿಮ್ಮಡಿ ಒಂದು ಕೈಯಲ್ಲಿ, ತುದಿ ಇನ್ನೊಂದರಲ್ಲಿ ಹಿಡಿದು ಬಗ್ಗಿಸಿ, ಜಗ್ಗುವುದಿಲ್ಲ. ಕೊನೆಯ ಜೊತೆ ಬರೀ ನೈಲಾನ್ ಅಟ್ಟೆಯದು, ಅಗ್ಗದ್ದು. ಹೆಬ್ಬೆರಳಿಟ್ಟು ಕ್ಲೀಟಿನ ಜಾಗದಲ್ಲಿ ಒತ್ತಿದರೇ ಬಾಗುತ್ತದೆ. ನಡುವಿನದ್ದನ್ನು ಬೆಳಕಿಗೆ ತಿರುಗಿಸಿ ನೋಡಿ. ಹಿಮ್ಮಡಿಯಿಂದ ಕ್ಲೀಟಿನ ಮುಂದಿನವರೆಗೆ ಕಾರ್ಬನ್ ತಟ್ಟೆ ಹೋಗಿದೆ, ಅಲ್ಲಿ ಕಲ್ಲಿನಷ್ಟು ಗಟ್ಟಿ. ಅಲ್ಲಿಂದ ಮುಂದಕ್ಕೆ ತಟ್ಟೆ ತೆಳುವಾಗಿ ಬೆರಳುಗಳ ಕೆಳಗೆ ಬರೀ ರಬ್ಬರು ಉಳಿದಿದೆ. ಶೂ ನೆಲಕ್ಕೆ ಊರಿ ಒತ್ತಿದರೆ ತುದಿಯೊಂದೇ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಪಾದದ ನಡುಗುಳಿಯ ಕೆಳಗೂ ರಬ್ಬರು ಹಚ್ಚಿದ್ದಾರೆ. ಬಂಡೆಯ ಅಂಚಿಗೆ ಸಿಗುವುದು ಇದೇ ಜಾಗ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಗೆಳೆಯ ಜೋರಾಗಿ ಓದುತ್ತಾನೆ. ಶಿಮಾನೊ ತನ್ನ ಶೂಗಳಿಗೆ ಹನ್ನೆರಡರವರೆಗಿನ ಗಟ್ಟಿತನದ ಅಂಕ ಕೊಡುತ್ತದೆ. ಅದರ ಗ್ರಾವೆಲ್ ಶೂ ಆರ್‌ಎಕ್ಸ್8ಕ್ಕೆ ಹತ್ತು, ತೂಕ 42ರ ಸೈಜಿನಲ್ಲಿ ಒಂದು ಕಾಲಿಗೆ ಸುಮಾರು 265 ಗ್ರಾಂ. ಇನ್ನೊಂದು ಕಂಪನಿಯ ಹತ್ತು ಈ ಹತ್ತಲ್ಲ, ಪ್ರತಿಯೊಬ್ಬರ ಅಳತೆಗೋಲೂ ಬೇರೆ, ಹೋಲಿಸಿ ನೋಡುವಂತಿಲ್ಲ. ತೂಕವನ್ನೂ ಕೆಲವರು ಒಂಟಿ ಶೂಗೆ, ಕೆಲವರು ಜೊತೆಗೆ ಬರೆಯುತ್ತಾರೆ.

ಇನ್ನು ಹಗುರತನ. ನೂರು ಗ್ರಾಂ ಕಡಿಮೆಯಾದರೆ ಪ್ರತಿ ಸುತ್ತಿಗೂ ಅಷ್ಟು ಭಾರ ಎತ್ತುವುದು ತಪ್ಪುತ್ತದೆ ಎಂಬ ಮಾತು ಕೇಳಲು ಚೆನ್ನಾಗಿದೆ, ಆದರೆ ಒಂದು ಕಾಲು ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತಿರುತ್ತದೆ, ಎರಡೂ ಶೂಗಳ ಭಾರ ಒಂದನ್ನೊಂದು ತೂಗಿಸುತ್ತದೆ. ಒಂದೇ ಸಮನೆ ತುಳಿಯುವಾಗ ಆ ನೂರು ಗ್ರಾಂ ಹೆಚ್ಚೇನೂ ಕೇಳುವುದಿಲ್ಲ. ಸೈಕಲ್ ಹೊತ್ತು ಬಂಡೆ ಹತ್ತುವಾಗ ಕೇಳುತ್ತದೆ, ಅಲ್ಲಿ ಪ್ರತಿ ಹೆಜ್ಜೆಗೂ ಶೂವನ್ನು ನೀವೇ ಎತ್ತಬೇಕು. ಹಾಗಾಗಿ ಹಗುರ ಇರಲಿ, ಅದಕ್ಕಾಗಿ ರಬ್ಬರನ್ನು ಬಿಟ್ಟುಕೊಡಬೇಡಿ. ದುಡ್ಡಿನ ಲೆಕ್ಕವೂ ಹೀಗೇ ಸಾಗುತ್ತದೆ: ಅಗ್ಗದ ನೈಲಾನಿನಿಂದ ಶುರುವಾದದ್ದು ಪೂರ್ತಿ ಕಾರ್ಬನ್ನಿಗೆ ಬರುವಷ್ಟರಲ್ಲಿ ಬಹಳ ಏರಿರುತ್ತದೆ.

ನಡುವಿನ ಜೊತೆಯನ್ನು ಹಾಕಿಕೊಳ್ಳಿ. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಆಮೇಲೆ ಬೋವಾ ಗುಂಡಿ ತಿರುಗಿಸಿ. ಸಣ್ಣ ಸಣ್ಣ ಟಿಕ್‌ಗಳಲ್ಲಿ ತಂತಿ ಬಿಗಿಯಾಗುತ್ತದೆ. ಲೇಸು ಪಾದವನ್ನು ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ, ನಿಜ, ಆದರೆ ಸವಾರಿಯ ನಡುವೆ ಸಡಿಲಿಸಲು ಇಳಿಯಬೇಕು. ವೆಲ್ಕ್ರೋ ಪಟ್ಟಿಗೆ ನಮ್ಮ ಹುಲ್ಲಿನ ಬೀಜ, ಜೇಡಿ ತುಂಬಿಕೊಂಡರೆ ಹಿಡಿತ ಹೋಗುತ್ತದೆ. ಗರಸಿನ ಮೇಲೆ ಒಂದು ಕೈ ಬಿಟ್ಟು ಒಂದು ಟಿಕ್ ಬಿಗಿ ಮಾಡುವ ಅನುಕೂಲಕ್ಕೆ ನನ್ನ ಓಟು. ತಂತಿ ಪಾದದ ಮೇಲುಬ್ಬನ್ನು ಕೊರೆಯುತ್ತಿಲ್ಲ ತಾನೆ? ಬೆರಳುಗಳನ್ನು ಅಲ್ಲಾಡಿಸಿ. ಹೆಬ್ಬೆರಳ ಮುಂದೆ ಸ್ವಲ್ಪ ಜಾಗ, ಕಿರುಬೆರಳ ಪಕ್ಕ ಒತ್ತಡ ಸೊನ್ನೆ.

"ಮೆಟ್ಟಿಲು ಹತ್ತಿ ನೋಡಿ ಸಾರ್," ಎನ್ನುತ್ತಾನೆ ಹುಡುಗ. ಅಂಗಡಿಯ ಹಿಂದಿನ ಗ್ರಾನೈಟ್ ಮೆಟ್ಟಿಲು. ತುದಿಗಾಲಲ್ಲಿ ಹತ್ತುತ್ತೀರಿ. ಬೆರಳುಗಳ ಕೆಳಗೆ ಶೂ ಬಾಗುತ್ತದೆ, ಹಿಮ್ಮಡಿ ಶೂನ ಜೊತೆಗೇ ಏಳುತ್ತದೆ. ರೇಸ್ ಶೂ ಹಾಕಿ ಅದೇ ಮೆಟ್ಟಿಲು ಹತ್ತಿದರೆ ಎರಡನೇ ಹೆಜ್ಜೆಗೇ ಹಿಮ್ಮಡಿ ಕಳಚಿಕೊಳ್ಳುತ್ತದೆ. ತೀರ್ಮಾನ ಅಲ್ಲೇ ಆಗಿಹೋಯಿತು.

ಉಳಿದದ್ದು ಕ್ಲೀಟ್. ಶೂ ಹಾಕಿಕೊಂಡಿರುವಾಗಲೇ ಹುಡುಗ ಮೇಲಿನಿಂದ ಬೆರಳಾಡಿಸಿ ಹೆಬ್ಬೆರಳ ಬುಡದ ಗಂಟನ್ನೂ ಕಿರುಬೆರಳ ಬುಡದ ಗಂಟನ್ನೂ ಹುಡುಕಿ ಮಾರ್ಕರಿನಿಂದ ಎರಡು ಚುಕ್ಕಿ ಇಡುತ್ತಾನೆ. ಕ್ಲೀಟಿನ ನಡು ಈ ಎರಡು ಚುಕ್ಕಿಗಳ ನಡುವೆ ಬರಬೇಕು. ದೂರದ ಸವಾರಿಗೆ ಸ್ವಲ್ಪ ಹಿಂದಕ್ಕೇ ಇಡಿ ಎಂದು ನಾನು ಹೇಳುತ್ತೇನೆ, ಮೀನಖಂಡಕ್ಕೂ ಮುಂಗಾಲಿಗೂ ಆಯಾಸ ಕಡಿಮೆ. ಬೋಲ್ಟುಗಳಿಗೆ ಗ್ರೀಸ್ ಸವರಿ, 4 ಮಿಲಿಮೀಟರಿನ ಅಲೆನ್ ಕೀ ಹಾಕಿ, ಟಾರ್ಕ್ ರೆಂಚಿನಲ್ಲಿ 5ರಿಂದ 6 ನ್ಯೂಟನ್ ಮೀಟರಿಗೆ ಬಿಗಿ ಮಾಡುತ್ತಾನೆ.

"ಒಂದೆರಡು ಸವಾರಿ ಆದ್ಮೇಲೆ ಇನ್ನೊಂದ್ಸಲ ಬಿಗಿ ಮಾಡ್ಕೊಳ್ಳಿ ಸಾರ್. ಒಂದು ಬೋಲ್ಟ್ ಬಿದ್ದೋದ್ರೆ, ಬಿಡಿಸೋಕೆ ಹಿಮ್ಮಡಿ ತಿರುಗಿಸಿದ್ರೆ ಕ್ಲೀಟ್ ಶೂನ ಅಡಿಯಲ್ಲೇ ತಿರುಗುತ್ತೆ ಅಷ್ಟೇ, ಶೂ ಪೆಡಲ್ ಬಿಟ್ಟು ಬರಲ್ಲ."

ಸೈಕಲ್ಲನ್ನು ಟ್ರೈನರಿಗೆ ಹೂಡಿ ಹತ್ತಿಸುತ್ತಾನೆ. ಟಕ್, ಎಡಗಾಲು ಕೂತಿತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ ಬಿಡಿಸಿ. ಬಿಗಿಯಾಗಿದೆ. ಹುಡುಗ ಕೂತು ಪೆಡಲಿನ ಹಿಂಬದಿಯ ಪುಟ್ಟ ಸ್ಕ್ರೂವನ್ನು ಸಡಿಲಿಸುತ್ತಾನೆ, "ಈಗ ನೋಡಿ" ಎನ್ನುತ್ತಾನೆ. ಮತ್ತೆ ಹಾಕಿ, ಮತ್ತೆ ತಿರುಗಿಸುತ್ತೀರಿ. ಈ ಸಲ ಸಲೀಸಾಗಿ ಬಿಟ್ಟಿತು. ಅವನು ಎದ್ದು ಬಲಗಾಲಿನ ಕಡೆಗೆ ಹೋಗುತ್ತಾನೆ.