ರಾತ್ರಿ ಒಂಬತ್ತೂವರೆಗೆ ಸಾಯೋ ನೆಟ್

ಭಾಗ 1/4

ಫೋಟೋದಲ್ಲಿರೋದು ನಮ್ಮನೆ ಫ್ರಿಡ್ಜ್ ಮೇಲಿನ ರೂಟರ್. ಪಕ್ಕದಲ್ಲಿ ಕುಕ್ಕರ್ ಗ್ಯಾಸ್ಕೆಟ್, ಮಡಚಿಟ್ಟ ಕರೆಂಟ್ ಬಿಲ್. ಇದರ ಬಗ್ಗೆ ನಾಲ್ಕು ಕ್ಯಾಪ್ಷನ್ ಬರೀತೀನಿ ಅಂದ್ರೆ ನಗ್ತೀರ. ಆದ್ರೆ ಬರೀಲೇಬೇಕು, ಯಾಕಂದ್ರೆ ಒಬ್ಬರಿಗೆ ಸಾರಿ ಕೇಳಿದ್ದೀನಿ, ಅದು ಯಾಕೆ ಅಂತ ನಿಮಗೂ ಗೊತ್ತಾಗಲಿ.

ನಮ್ಮನೆ ವಿಜಯನಗರದಲ್ಲಿ, ಮಾರುತಿ ಮಂದಿರದ ಹತ್ರ. ಕೆಳಗೆ ನಾವು. ಮೇಲೆ ಬಾಡಿಗೆಗೆ ಒಬ್ಬ ಆಂಟಿ, ಅವರ ಮಗಳು. ಫೈಬರ್ ಕನೆಕ್ಷನ್ ಒಂದೇ, ಬಿಲ್ ಅರ್ಧರ್ಧ. ಕೆಳಗಿನ ರೂಟರಿಂದ ಒಂದು ಕೇಬಲ್ ಕಿಟಕಿಯಿಂದ ಮೇಲಕ್ಕೆ ಹೋಗಿ ಅಲ್ಲಿರೋ ಹಳೇ ರೂಟರ್‌ಗೆ ಸೇರುತ್ತೆ. ಅದನ್ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದ್ದು ನಾನೇ. ಅಂದ್ರೆ ಅದು ವೈಫೈ ಹಂಚುತ್ತೆ, ಅಷ್ಟೇ. ಯಾವ ಫೋನಿಗೆ ಯಾವ ಐಪಿ ವಿಳಾಸ, ಯಾರನ್ನ ಹೊರಗೆ ಬಿಡಬೇಕು, ಯಾರನ್ನ ತಡೀಬೇಕು ಅನ್ನೋದೆಲ್ಲ ಕೆಳಗಿನ ರೂಟರ್ ಕೈಲಿ. ಗೇಟ್‌ವೇ ಅದೇ, ಫೈರ್‌ವಾಲ್ ಇರೋದೂ ಅದರೊಳಗೇ. ಅದರ ಪಾಸ್‌ವರ್ಡ್ ಇದ್ದಿದ್ದು ನನ್ನ ಒಬ್ಬನ ಹತ್ರ. ಕಂಪ್ಯೂಟರ್ ಸೈನ್ಸ್ ಓದ್ತೀನಲ್ಲ, ಮನೆಗೆ ನಾನೇ ನೆಟ್‌ವರ್ಕ್ ಎಂಜಿನಿಯರ್!

ಜೂನ್‌ನಲ್ಲಿ ಆಂಟಿ ಮಗಳು ಮೆಟ್ಟಿಲ ಹತ್ರ ಸಿಕ್ಕಾಗ ಹೇಳಿದ್ಲು, "ಅಣ್ಣ, ರಾತ್ರಿ ಲ್ಯಾಪ್‌ಟಾಪಲ್ಲಿ ನೆಟ್ಟೇ ಬರಲ್ಲ." ನಾನು, "ರೀಸ್ಟಾರ್ಟ್ ಮಾಡಮ್ಮ" ಅಂದೆ. ಎರಡು ದಿನ ಬಿಟ್ಟು ಮತ್ತೆ ಹೇಳಿದ್ಲು. "ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಲ್ವಾ, ವೈಫೈ ಕಾರ್ಡ್ ಹೋಗಿರುತ್ತೆ" ಅಂದೆ. ಅವರಮ್ಮ ಪಿಯುಸಿ ಮುಗೀತು ಅಂತ ಮೇ ತಿಂಗಳಲ್ಲಿ ಎಸ್‌ಪಿ ರೋಡಿಂದ ಕೊಡಿಸಿದ್ದ ಲ್ಯಾಪ್‌ಟಾಪ್ ಅದು. ಅವಳ ಮುಖ ಸಣ್ಣದಾಯ್ತು. ನಾನು ಗಮನಿಸಿದೆ. ಆದ್ರೂ ಮೇಲೆ ಹೋಗಿ ನೋಡಲಿಲ್ಲ.

ಭಾಗ 2/4

ಆಮೇಲಿನ ವಾರ, ರಾತ್ರಿ ಹತ್ತು ಗಂಟೆ. ಆಂಟಿ ಬಾಗಿಲು ತಟ್ಟಿದ್ರು. "ತೊಂದ್ರೆ ಕೊಡ್ತಿದೀನಿ ಕಣಪ್ಪ, ಬೇಜಾರ್ ಮಾಡ್ಕೋಬೇಡ. ಇವಳದ್ದು ಸಿಇಟಿ ಆಪ್ಷನ್ ಎಂಟ್ರಿ, ಇವತ್ತೇ ಕೊನೆ. ನನ್ನ ಫೋನಿನ ಡೇಟಾನೂ ಖಾಲಿ ಆಗ್ತಾ ಬಂತು."

ಸಿಇಟಿ ಬರೆದವರಿಗೆ ಗೊತ್ತು. ಯಾವ ಕಾಲೇಜು, ಯಾವ ಬ್ರಾಂಚು ಅಂತ ಬರೀ ಟಿಕ್ ಮಾಡೋದಲ್ಲ, ಒಂದರ ಕೆಳಗೊಂದು ಕ್ರಮವಾಗಿ ಜೋಡಿಸಬೇಕು. ಸೀಟು ಹಂಚೋವಾಗ ಆ ಕ್ರಮದಲ್ಲೇ ನೋಡ್ತಾರೆ. ಅವಳು ಒಂದು ನೋಟ್‌ಬುಕ್ ತುಂಬ ಪಟ್ಟಿ ಬರೆದಿಟ್ಟಿದ್ಲು. ಅರ್ಧವೂ ಸೈಟಿಗೆ ಹೋಗಿರಲಿಲ್ಲ.

ಲ್ಯಾಪ್‌ಟಾಪ್ ನೋಡಿದೆ. ವೈಫೈ ಕನೆಕ್ಟ್ ಆಗಿದೆ, ಸಿಗ್ನಲ್ ಫುಲ್, ಯಾವ ಸೈಟೂ ತೆರೀತಿಲ್ಲ. ತಲೆ ಓಡದೆ ನನ್ನ ಮಾವನಿಗೆ ಫೋನ್ ಮಾಡಿದೆ. ಮಾವ ಒಂದು ಕಾಲದಲ್ಲಿ ಬಸವೇಶ್ವರನಗರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ರು. ಆಗ ರೂಟರ್ ಡಬ್ಬಿ ಎಲ್ಲ ಇರಲಿಲ್ಲ. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಅಂತ ಒಂದು ಸೌಲಭ್ಯ ಬಂತು. ಒಂದು ಕಂಪ್ಯೂಟರಿಗೆ ಫೋನ್ ಲೈನ್, ಉಳಿದವೆಲ್ಲ ಅದರ ಮೂಲಕ ಹೊರಗೆ. ಆ ಕಂಪ್ಯೂಟರಿನ ವಿಳಾಸ 192.168.0.1. ಅದು ಆಫ್ ಆದ್ರೆ ಇಡೀ ಅಂಗಡಿ ಆಫ್.

ಮಾವ ಒಂದೇ ಪ್ರಶ್ನೆ ಕೇಳಿದ್ರು: "ಲೋ, ಅದೇ ಕುರ್ಚಿಲಿ ಬೇರೆ ಮಷೀನ್ ಇಟ್ಟು ನೋಡಿದ್ಯಾ? ಅದೇ ಮಷೀನ್‌ನ ಬೇರೆ ಕುರ್ಚಿಲಿ ಇಟ್ಟು ನೋಡಿದ್ಯಾ?"

ಇಲ್ಲ. ಒಂದು ವಾರದಲ್ಲಿ ಅಷ್ಟನ್ನೂ ಮಾಡಿರಲಿಲ್ಲ.

ಭಾಗ 3/4

ನಮ್ಮ ಕ್ಲಾಸಿನವರು ಇದನ್ನ ಸೇವ್ ಮಾಡ್ಕೊಳ್ಳಿ, ಲ್ಯಾಬ್ ವೈವಾಗೂ ಬರುತ್ತೆ.

ಒಂದು: ಆಂಟಿ ಫೋನನ್ನ ಮೇಲಿನ ವೈಫೈಗೆ ಹಾಕಿದೆ. ನೆಟ್ ಬಂತು. ಹಾಗಾದ್ರೆ ಫೈಬರ್, ಕೇಬಲ್, ಮೇಲಿನ ರೂಟರ್ ಮೂರೂ ಸರಿ ಇವೆ.

ಎರಡು: ಲ್ಯಾಪ್‌ಟಾಪನ್ನ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿದೆ. ನೆಟ್ ಬಂತು. ಹಾಗಾದ್ರೆ ಲ್ಯಾಪ್‌ಟಾಪೂ ಸರಿ ಇದೆ. (ಎಸ್‌ಪಿ ರೋಡಿಗೆ ನನ್ನ ಮೊದಲ ಸಾರಿ.) ಅವಳಿಗೆ, "ನೀನು ಇದರಲ್ಲೇ ಕೆಲಸ ಮುಗಿಸು, ಆಮೇಲೆ ನೋಡೋಣ" ಅಂದೆ. ಹನ್ನೊಂದೂಕಾಲಿಗೆ ಪಟ್ಟಿ ಪೂರ್ತಿ ಹೋಯ್ತು, ಸೇವ್ ಆಯ್ತು.

ಮೂರು: ಮತ್ತೆ ಮನೆ ವೈಫೈಗೆ ಹಾಕಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಹೊಡೆದೆ. ವಿಳಾಸ 192.168.1.5. ಸರಿಯಾಗೇ ಇದೆ. 169.254ರಿಂದ ಶುರುವಾಗಿದ್ರೆ ರೂಟರಿಂದ ವಿಳಾಸವೇ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ ಅಂತ ಅರ್ಥ.

ನಾಲ್ಕು: ಗೇಟ್‌ವೇ 192.168.1.1ಗೆ ಪಿಂಗ್ ಮಾಡಿದೆ, ಉತ್ತರ ಬಂತು. ಹೊರಗಿನ 8.8.8.8ಗೆ ಮಾಡಿದೆ, ಉತ್ತರ ಇಲ್ಲ. ಹೆಸರಿನ ಬದಲು ನಂಬರನ್ನೇ ಕೊಟ್ಟಿದ್ದೆ, ಹಾಗಾಗಿ ಡಿಎನ್‌ಎಸ್ ತಪ್ಪು ಅನ್ನೋ ಹಾಗೂ ಇಲ್ಲ.

ಬಾಗಿಲವರೆಗೆ ಹೋಗ್ತಿದೆ, ಬಾಗಿಲು ದಾಟ್ತಿಲ್ಲ. ಈ ಒಂದು ಲ್ಯಾಪ್‌ಟಾಪಿಗೆ ಮಾತ್ರ. ಅದೂ ರಾತ್ರಿ ಮಾತ್ರ.

ಕೆಳಗೆ ಬಂದು ರೂಟರ್ ಪೇಜ್ ತೆರೆದು ಫೈರ್‌ವಾಲ್ ನೋಡಿದೆ. ಅಲ್ಲಿ ಒಂದೇ ಒಂದು ರೂಲ್ ಇತ್ತು: 192.168.1.5, ರಾತ್ರಿ 9.30ರಿಂದ ಬೆಳಿಗ್ಗೆ 6, ಬ್ಲಾಕ್. ರೂಲಿನ ಹೆಸರು "ತಮ್ಮ".

ಮಾರ್ಚ್‌ನಲ್ಲಿ ನಾನೇ ಹಾಕಿದ್ದು. ತಮ್ಮನ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ರಾತ್ರಿ ಟ್ಯಾಬಲ್ಲಿ ಗೇಮ್ ಆಡ್ತಾನೆ ಅಂತ ಅಮ್ಮ ಹೇಳಿದ್ರು. ಆಗ ಅವನ ಟ್ಯಾಬಿನ ವಿಳಾಸ .5 ಆಗಿತ್ತು, ಅದನ್ನೇ ಬರೆದು ಬ್ಲಾಕ್ ಮಾಡಿದ್ದೆ. ಪರೀಕ್ಷೆ ಮುಗೀತು, ಅವನು ಟ್ಯಾಬ್ ಎತ್ಕೊಂಡು ಹಾಸನಕ್ಕೆ ಅಜ್ಜಿ ಮನೆಗೆ ಹೋದ. ನಾನು ರೂಲ್ ಮರೆತೆ.

ಬೆಂಗಳೂರಿನವರಿಗೆ ಲೀಸ್ ಮನೆ ಗೊತ್ತಲ್ವಾ? ರೂಟರ್ ಕೊಡೋ ಐಪಿ ವಿಳಾಸಕ್ಕೂ ಲೀಸ್ ಅಂತಾನೇ ಹೆಸರು. ಅವಧಿ ಮುಗಿದು ಹಳಬರು ಬರಲಿಲ್ಲ ಅಂದ್ರೆ ಆ ಮನೆ ಹೊಸಬರಿಗೆ. ಟ್ಯಾಬ್ ಹಾಸನದಲ್ಲಿದ್ದಾಗ ಲೀಸ್ ಮುಗೀತು, ಮೇ ತಿಂಗಳಲ್ಲಿ ಬಂದ ಹೊಸ ಲ್ಯಾಪ್‌ಟಾಪಿಗೆ .5 ಸಿಕ್ತು. ನಾನು ನೋಟಿಸ್ ಅಂಟಿಸಿದ್ದು ಮನೆ ನಂಬರಿಗೆ, ಮನುಷ್ಯನಿಗಲ್ಲ. ತಪ್ಪು ಯಾರದ್ದೋ, ಬೀಗ ಇನ್ಯಾರಿಗೋ.

ಭಾಗ 4/4

ರೂಲ್ ಡಿಲೀಟ್ ಮಾಡಿದೆ. ಎರಡೇ ಸೆಕೆಂಡ್ ಕೆಲಸ.

ಆಂಟಿ, "ಏನಾಗಿತ್ತಪ್ಪ?" ಅಂದ್ರು. "ರೂಟರ್ ಪ್ರಾಬ್ಲಮ್ ಆಂಟಿ, ಸರಿ ಮಾಡಿದೆ" ಅಂದೆ. ಬೆಳಿಗ್ಗೆ ಒಂದು ಡಬ್ಬಿ ಕೋಡುಬಳೆ ಕೆಳಗೆ ಬಂತು. ಅಮ್ಮ ಹೆಮ್ಮೆಯಿಂದ, "ನೋಡು, ನೀನು ಓದಿದ್ದು ಉಪಯೋಗಕ್ಕೆ ಬಂತು" ಅಂದ್ರು. ಎರಡು ತಿಂದೆ. ಮೂರನೇದು ಗಂಟಲಲ್ಲಿ ಇಳೀಲಿಲ್ಲ.

ಸಂಜೆ ಮೇಲೆ ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ರೂಲ್ ಹಾಕಿದ್ದು ನಾನು, ಮರೆತಿದ್ದು ನಾನು, ನಿನ್ನ ಲ್ಯಾಪ್‌ಟಾಪ್ ಸರಿಯಾಗೇ ಇದೆ. ಆಂಟಿ ನಕ್ಕು, "ಬಿಡಪ್ಪ, ಕೆಲಸ ಆಯ್ತಲ್ಲ" ಅಂದ್ರು. ಅವಳು ನಗಲಿಲ್ಲ. "ಅಣ್ಣ, ನಾನು ಒಂದು ವಾರದಿಂದ ಹೇಳ್ತಾನೇ ಇದ್ದೆ. ಲ್ಯಾಪ್‌ಟಾಪ್ ವಾಪಸ್ ಕೊಡೋಣ ಅಂತ ಅಮ್ಮ ಎರಡು ಸಲ ಎಸ್‌ಪಿ ರೋಡಿಗೆ ಹೋಗಿ ಬಂದ್ರು. ಅಂಗಡಿಯವರು ಚೆನ್ನಾಗೇ ಇದೆ ಅಂತ ಕಳಿಸಿದ್ರು."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅರ್ಧ ಬಿಲ್ ಕಟ್ಟೋರು ಒಂದು ವಾರ ಕಾದಿದ್ದು, ಬಾಗಿಲು ತಟ್ಟಿ "ಬೇಜಾರ್ ಮಾಡ್ಕೋಬೇಡ" ಅಂದಿದ್ದು ಯಾಕೆ? ನಾನು ಓನರ್ ಮಗ ಅಂತ. ರೂಟರ್ ಕೆಟ್ಟಿರಲಿಲ್ಲ. ನಾನು ಏನು ಬರೆದಿದ್ನೋ ಅದನ್ನೇ ಚಾಚೂತಪ್ಪದೆ ಮಾಡ್ತಿತ್ತು.

ಈಗ ಮಾಡಿರೋದು ಇಷ್ಟು. ಖಾಯಂ ಬೇಕಾದ ಸಾಧನಗಳಿಗೆ ಅವುಗಳ ಮ್ಯಾಕ್ ವಿಳಾಸ ನೋಡಿ ಐಪಿ ಮೀಸಲಿಟ್ಟಿದ್ದೀನಿ. (ಆಂಡ್ರಾಯ್ಡ್ 10, ಐಓಎಸ್ 14ರಿಂದ ಈಚೆಗೆ ಫೋನ್‌ಗಳು ಒಂದೊಂದು ವೈಫೈಗೆ ಒಂದೊಂದು ಬೇರೆ ಮ್ಯಾಕ್ ತೋರಿಸುತ್ತವೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಈ ವೈಫೈಗೆ ಯಾವುದಿದೆ ಅಂತ ನೋಡ್ಕೊಳ್ಳಿ.) ಏನಾದ್ರೂ ರೂಲ್ ಹಾಕಿದ್ರೆ ಯಾಕೆ, ಯಾವಾಗಿನವರೆಗೆ ಅಂತ ಒಂದು ಚೀಟಿ ಬರೆದು ಫ್ರಿಡ್ಜ್‌ಗೆ ಅಂಟಿಸ್ತೀನಿ. ರೂಟರ್ ಪಾಸ್‌ವರ್ಡ್ ಆಂಟಿ ಮಗಳಿಗೂ ಕೊಟ್ಟಿದ್ದೀನಿ, ಪೇಜ್ ತೆರೆಯೋದು ತೋರಿಸಿದ್ದೀನಿ.

ತಮ್ಮನನ್ನ ಕೇಳಿದೆ, "ಹಾಸನದಿಂದ ಬಂದ ಮೇಲೆ ನಿನ್ನ ಟ್ಯಾಬ್ ಬ್ಲಾಕ್ ಆಗಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ನೀನು ತೆಗೆದಿದ್ದೀಯ ಅನ್ಕೊಂಡು ಸುಮ್ನಿದ್ದೆ."

ನಿಮ್ಮ ಮನೆ ರೂಟರಲ್ಲಿ ಹಳೇ ರೂಲ್ ಏನಾದ್ರೂ ಇದೆಯಾ? ಇವತ್ತೇ ಒಂದ್ಸಲ ತೆರೆದು ನೋಡಿ, ಸಿಕ್ಕಿದ್ರೆ ಕಮೆಂಟಲ್ಲಿ ಹೇಳಿ.

#ವಿಜಯನಗರ #ನಮ್ಮನೆನೆಟ್‌ವರ್ಕ್ #ಕನ್ನಡದಲ್ಲಿಟೆಕ್