ಮಲ್ಲಯ್ಯನ ದಾರಿಯ ವಸ್ತಿಗಳು

ಫಾಲ್ಗುಣದ ಬಿಸಿಲು ಬಲಿಯತೊಡಗಿದೊಡನೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಗಳ ಹಳ್ಳಿಗಳಿಂದ ಮಲ್ಲಯ್ಯನ ಕಂಬಿಯ, ಅಂದರೆ ಹೆಗಲ ಮೇಲೆ ಹೊರುವ ಕಾವಡಿಯ, ಹಿಂದೆ ಹೊರಡುವ ಜನಪ್ರವಾಹವು ಉಗಾದಿಯ ಹೊತ್ತಿಗೆ ಶ್ರೀಶೈಲವನ್ನು ಸೇರುವುದು. ಬಾಗಲಕೋಟೆಯವನಿಗೆ ಸುಮಾರು 400 ಕಿಲೋಮೀಟರಾಗುವ ಈ ಹಾದಿಗೆ ಹೆಗಲಚೀಲವೊಂದನ್ನೇ ನಂಬಿ ಇಳಿಯುವ ರೈತನನ್ನು, ರಾತ್ರಿ ಎಲ್ಲಿ ಮಲಗುವೆಯೆಂದು ಮನೆಯವರು ಕೂಡ ಕೇಳುವುದಿಲ್ಲ.

ಕೇಳಬೇಕಾದ ಅಗತ್ಯವೂ ಇಲ್ಲ. ಬೆಳಕು ಹರಿಯುವ ಮುನ್ನವೇ ನಡೆಯತೊಡಗಿ, ಮಧ್ಯಾಹ್ನದ ಉರಿಯನ್ನು ಬೇವಿನ ನೆರಳಿನಲ್ಲಿ ಕಳೆದು, ಸಂಜೆ ಮತ್ತೆ ದಾರಿ ಹಿಡಿಯುವ ಈ ಜನಕ್ಕೆ ಮಠದ ಪಡಸಾಲೆ, ಶಾಲೆಯ ಜಗಲಿ, ಹನುಮಪ್ಪನ ಗುಡಿಯ ಕಟ್ಟೆ, ಯಾರೋ ಹೊಲದ ಬದಿಯಲ್ಲಿ ಹಾಕಿಸಿದ ಚಪ್ಪರ, ಇವೆಲ್ಲವೂ ಮನೆಯೇ. ಅಂಥದೊಂದು ಚಪ್ಪರದಡಿ, ಪರಿಚಯದ ಗಂಧವೂ ಇಲ್ಲದ ಮುದುಕನೊಬ್ಬನ ಪಾದಗಳನ್ನು ಬಿಸಿನೀರಿನಲ್ಲಿ ತೊಳೆದು, ಅಂಗಾಲಿನ ಗುಳ್ಳೆಗೆ ಸೂಜಿದಾರವನ್ನು ಹಾಯಿಸಿ, ನೀರು ಇಳಿಯಲೆಂದು ದಾರವನ್ನು ಅಲ್ಲಿಯೇ ಬಿಟ್ಟು, ಸುತ್ತಲೂ ಕೊಬ್ಬರಿ ಎಣ್ಣೆ ಸವರುತ್ತಿದ್ದ ಗೃಹಿಣಿಯನ್ನು ನಾನು ಕಂಡಿದ್ದೇನೆ. ಮುದುಕನು ಸಂಕೋಚದಿಂದ ಕಾಲೆಳೆದುಕೊಂಡಾಗ, "ಸುಮ್ಮನ ಕೂಡ್ರಿ ಅಜ್ಜಾ, ಮುಂದಿನ ವರ್ಷಾನೂ ನಮ್ಮಲ್ಲೇ ವಸ್ತಿ ಮಾಡ್ರಿ" ಎಂದಳು. ಆಶ್ರಯ ಕೊಟ್ಟವಳೇ ಬೇಡುವವಳಾಗಿ ನಿಂತ ಆ ಮಾತು ನನ್ನನ್ನು ಬಹುವಾಗಿ ತಟ್ಟಿತು. ದುಡ್ಡು ತೆತ್ತು ಪಡೆದ ಕೋಣೆಯಲ್ಲಿ ಸುಖವಿರಬಹುದು. ಬಾರದಿದ್ದರೆ ನೊಂದುಕೊಳ್ಳುವ ಒಂದು ಜೀವ ಅಲ್ಲಿರುವುದಿಲ್ಲ.

ಶ್ರೀಶೈಲದ ದೇವಿ ಭ್ರಮರಾಂಬೆಯು ಕನ್ನಡ ನಾಡಿನ ಮಗಳು, ಅವಳ ಪತಿ ಮಲ್ಲಿಕಾರ್ಜುನನು, ಅಂದರೆ ಮಲ್ಲಯ್ಯನು, ಅಳಿಯ ಎಂಬುದು ಈ ಯಾತ್ರಿಕರ ನಂಬಿಕೆ. ಹಬ್ಬಕ್ಕೆ ಮಗಳನ್ನು ಕಾಣಲು ತವರಿನವರು ಹೊರಟಿರುವರೆಂದ ಮೇಲೆ, ಅವರ ಬುತ್ತಿಗೆ ನಾಲ್ಕು ಜೋಳದ ರೊಟ್ಟಿಯನ್ನೂ ಒಂದು ಹಿಡಿ ಶೇಂಗಾ ಚಟ್ನಿಯನ್ನೂ ಸೇರಿಸದೆ ಕಳುಹಲು ದಾರಿಯ ಊರುಗಳಿಗೆ ಮನಸ್ಸು ಒಪ್ಪೀತೆ? ತುಂಗಭದ್ರೆಯನ್ನು ದಾಟಿದ ಬಳಿಕ ಮಾತು ತೆಲುಗಾಗುವುದಾದರೂ ನೀಡುವ ಕೈ ಬದಲಾಗುವುದಿಲ್ಲ.

ಕಠಿಣವಾದುದು ಆತ್ಮಕೂರಿನ ಆಚೆಯ ಹಾದಿ. ವೆಂಕಟಾಪುರವನ್ನು ಬಿಟ್ಟು ನಲ್ಲಮಲ ಅರಣ್ಯವನ್ನು ಹೊಕ್ಕರೆ ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸದ್ವಾರ, ಇವೇ ಗುರುತುಗಳು. ಹುಲಿಯಿರುವ ಕಾಡು, ಬೇಸಗೆಯಲ್ಲಿ ಹನಿ ನೀರಿಗೂ ತತ್ವಾರ. ಅಕ್ಕಮಹಾದೇವಿಯೂ ಅಲ್ಲಮನೂ ಅರಸಿ ಬಂದ ಗಿರಿ ಈ ಶ್ರೀಶೈಲ. ಮಲ್ಲಯ್ಯನನ್ನು ಕಾಣಲೇಬೇಕೆಂದು ಬಾಲಕ ಸಿದ್ಧರಾಮನು ಯಾತ್ರಿಕರ ಜೊತೆಗೂಡಿ ಬಂದ ಕಥೆಯನ್ನು ರಾಘವಾಂಕನು ಕಾವ್ಯವಾಗಿಸಿರುವನು. 14ನೆಯ ಶತಮಾನದಲ್ಲಿ ರೆಡ್ಡಿ ವಂಶದ ಅರಸ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನು. ಅರಸನು ಕಲ್ಲು ಹಾಸಿಸಬಲ್ಲನು. ಆ ಕಲ್ಲನ್ನೇರುವವನ ಒಣಗಿದ ಗಂಟಲಿಗೆ ಮಜ್ಜಿಗೆ ಎರೆಯಲು ಮಾತ್ರ ಪ್ರತಿ ವರ್ಷವೂ ಯಾರಾದರೂ ಮನೆಬಿಟ್ಟು ಬರಲೇಬೇಕು.

ಬರುತ್ತಾರೆ. ಮನೆಗಳಿಲ್ಲದ ಆ ಕಾಡಿಗೆ ಕರ್ನಾಟಕದ ಊರುಗಳಿಂದಲೇ ಹಿಟ್ಟು, ಬೇಳೆ, ಬೆಲ್ಲ, ನೀರಿನ ಟ್ಯಾಂಕುಗಳನ್ನು ಸಾಗಿಸಿ, ಒಲೆ ಹೂಡಿ, ಹಗಲಿರುಳು ದಾಸೋಹ ನಡೆಸುವ ಭಕ್ತರುಂಟು. ಆ ಉರಿಯುವ ಒಲೆಗಳ ಮುಂದೆ ನಿಂತವರಲ್ಲಿ ಎಷ್ಟೋ ಮಂದಿ ಹಿಂದೆ ತಾವೂ ಅದೇ ದಾರಿಯನ್ನು ನಡೆದು ಉಂಡವರು. ಈಗ ಮೊಣಕಾಲು ಸೋತದ್ದರಿಂದ ಲಾರಿಯೇರಿ ಬಂದು, ನಡೆಯುವವರನ್ನು ಕೈಹಿಡಿದು ಪಂಕ್ತಿಗೆ ಕೂರಿಸುವರು.